ಗಡ್ಡೆ ಹುಡುಕಿಕೊಂಡು ಹೋಗುವ ವಿಕಿರಣ

ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿ ಕಡೆ ಎದೆಯ ಗಡ್ಡೆಗೆ ‘ಕರೆಂಟ್ ಕೊಡಸಬೇಕು’ ಅಂದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯ ದಾರಿ. ಅಲ್ಲಿ ಯಂತ್ರ ಹೊರಗಿನಿಂದ ಕಿರಣ ಹಾಯಿಸುತ್ತದೆ. ಎಲುಬು, ಪಿತ್ತಜನಕಾಂಗ ಅಂತ ಮೈತುಂಬ ಚದುರಿದ ಗಡ್ಡೆಗೆ ಅದು ಸಾಲದು. ವಿಕಿರಣವನ್ನೇ ರಕ್ತಕ್ಕೆ ಬಿಟ್ಟು, ಗಡ್ಡೆ ಇದ್ದಲ್ಲಿಗೆ ಅದೇ ಹೋಗುವಂತೆ ಮಾಡಬಹುದೇ?

1950ರ ದಶಕದ ಆರಂಭದಲ್ಲೇ ಅಮೆರಿಕದ ವಿಲಿಯಂ ಬೈಯರ್‌ವಾಲ್ಟಿಸ್ ಮೊಲಗಳಿಂದ ಪಡೆದ ಪ್ರತಿಕಾಯಕ್ಕೆ (ಗುರಿಯನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನು) ವಿಕಿರಣಶೀಲ ಅಯೋಡಿನ್ ಅಂಟಿಸಿ ಚರ್ಮದ ಕ್ಯಾನ್ಸರಿಗೆ ಕೊಟ್ಟು ನೋಡಿದ್ದರು. ಆದರೆ ಮೊಲದ ಪ್ರತಿಕಾಯ ಹಲವು ಬಗೆಯ ಕಲಬೆರಕೆ. ಒಂದೇ ಗುರಿಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸುವ ವಿದ್ಯೆ ಸಿಕ್ಕಿದ್ದು 1975ರಲ್ಲಿ, ಕೇಂಬ್ರಿಡ್ಜಿನ ಕೋಲರ್ ಮತ್ತು ಮಿಲ್‌ಸ್ಟೈನ್ ಅವರಿಗೆ. 1984ರಲ್ಲಿ ಅವರಿಗೆ ನೊಬೆಲ್ ಬಂತು.

ವಿಕಿರಣ ಅಂಟಿಸಿದ ಇಂಥ ಪ್ರತಿಕಾಯ ಮೊದಲು ಗೆದ್ದದ್ದು ದುಗ್ಧಗ್ರಂಥಿಯ ಕ್ಯಾನ್ಸರಿನಲ್ಲಿ. 2002ರಲ್ಲಿ ಝೆವಲಿನ್, ಮರುವರ್ಷ ಬೆಕ್ಸಾರ್ ಎಂಬ ಔಷಧಗಳು ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಬೆಕ್ಸಾರನ್ನು 2014ರಲ್ಲಿ ಮಾರುಕಟ್ಟೆಯಿಂದ ತೆಗೆದರು. ಔಷಧ ಸೋತಿರಲಿಲ್ಲ, ಬರೆದುಕೊಡುವ ವೈದ್ಯರೇ ಕಡಿಮೆಯಿದ್ದರು.

ಸ್ತನ ಕ್ಯಾನ್ಸರಿನಲ್ಲಿ ಸುಮಾರು ಐದರಲ್ಲೊಂದು ಪಾಲು ರೋಗಿಗಳ ಗಡ್ಡೆಯ ಜೀವಕೋಶದ ಮೇಲೆ ಹರ್-2 ಎಂಬ ಪ್ರೋಟೀನು ದಟ್ಟವಾಗಿರುತ್ತದೆ. ಅದನ್ನು ಹಿಡಿಯುವ ಪ್ರತಿಕಾಯ ಟ್ರಾಸ್ಟುಜುಮ್ಯಾಬ್, 1998ರದು. ಬೆಂಗಳೂರಿನ ಬಯೋಕಾನ್ 2014ರಲ್ಲಿ ಕ್ಯಾನ್‌ಮ್ಯಾಬ್ ಹೆಸರಿನಲ್ಲಿ ಅದರ ಬಯೋಸಿಮಿಲರ್ (ಅದನ್ನೇ ಹೋಲುವ ಮದ್ದು) ಬಿಡುಗಡೆ ಮಾಡಿತು. ಇತ್ತ ಮುಂಬೈ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ಇಂಥ ಪ್ರತಿಕಾಯಕ್ಕೆ ಅಂಟಿಸಬಹುದಾದ ವಿಕಿರಣಶೀಲ ಲುಟೇಷಿಯಂ-177 ತಯಾರಾಗುತ್ತದೆ. ಆರೂವರೆ ದಿನ ಕಳೆದು ಸ್ವಲ್ಪ ಹೊತ್ತಿಗೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಅದರ ಬೀಟಾ ಕಣ ಅಂಗಾಂಶದಲ್ಲಿ ಹೆಚ್ಚೆಂದರೆ ಎರಡು ಮಿಲಿಮೀಟರು ಹೋದೀತು, ಹಾಗಾಗಿ ಪೆಟ್ಟೆಲ್ಲ ಅಲ್ಲಲ್ಲೇ. ಜೊತೆಗೆ ಹೊಮ್ಮುವ ಗಾಮಾ ಕಿರಣದಿಂದ ಮದ್ದು ಎಲ್ಲಿ ಕೂತಿದೆ ಎಂದು ಕ್ಯಾಮೆರಾದಲ್ಲಿ ಕಾಣುತ್ತದೆ. ಚಂಡೀಗಢದ ಪಿಜಿಐ ಆಸ್ಪತ್ರೆಯ ಸಂಶೋಧಕರು ಲುಟೇಷಿಯಂ ಜೋಡಿಸಿದ ಟ್ರಾಸ್ಟುಜುಮ್ಯಾಬನ್ನು ರೋಗಿಗಳಿಗೆ ಕೊಟ್ಟು, ಅದು ಹರ್-2 ಇರುವ ಗಡ್ಡೆಗಳಲ್ಲಿ ಸೇರುವುದನ್ನು ಕಂಡು 2017ರಲ್ಲಿ ಪ್ರಕಟಿಸಿದರು.

ತೊಡಕೂ ಇದೆ. ಪ್ರತಿಕಾಯ ದೊಡ್ಡ ಅಣು. ಗಟ್ಟಿ ಗಡ್ಡೆಯೊಳಗೆ ಬೇಗ ನುಗ್ಗದೆ ದಿನಗಟ್ಟಲೆ ರಕ್ತದಲ್ಲೇ ತಿರುಗುತ್ತದೆ. ಅಷ್ಟರಲ್ಲಿ ಅಸ್ಥಿಮಜ್ಜೆಗೂ ವಿಕಿರಣ ತಾಗುತ್ತದೆ. ಸ್ತನ ಕ್ಯಾನ್ಸರಿಗೆ ಈ ವಿಧಾನ ಇನ್ನೂ ಪ್ರಯೋಗದ ಹಂತದಲ್ಲೇ ಉಳಿದಿರುವುದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಹಾಗಾಗಿ ಅಕ್ಕಂದಿರೇ, ಇದಕ್ಕಾಗಿ ಕಾಯಬೇಡಿ. ಎದೆಯಲ್ಲಿ ಗಂಟು ಕೈಗೆ ಹತ್ತಿದರೆ ತಡಮಾಡದೆ ಗದಗಿನ ಜಿಮ್ಸ್ ಆಸ್ಪತ್ರೆಗೋ ಹುಬ್ಬಳ್ಳಿಗೋ ಹೋಗಿ ತೋರಿಸಿ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದರೆ ಹರ್-2 ವರದಿಯನ್ನು ಕೇಳಿ ಪಡೆದು ಜೋಪಾನವಾಗಿಡಿ. ಇಂದಿನ ಚಿಕಿತ್ಸೆ ನಿರ್ಧರಿಸುವುದಕ್ಕೂ ಆ ಕಾಗದ ಬೇಕು.