ಬಿಸಿಲು ಕಾಣದ ಗೋಸುಂಬೆ

"ಮಾಮ, ನೋಡಿ, ನಾಲಿಗೆ ಅರ್ಧಕ್ಕೇ ಬಿದ್ದುಹೋಗುತ್ತೆ" ಎಂದು ಅಮೆರಿಕದಲ್ಲಿರುವ ಅಕ್ಕನ ಮಗ ಫೋನನ್ನು ಗೂಡಿನ ಹತ್ತಿರ ಹಿಡಿದ. ಒಳಗೆ ಅವನ ಗೋಸುಂಬೆ. ಏಳು ತಿಂಗಳ ಮರಿ. ಎದುರಿಗಿದ್ದ ಹುಳವನ್ನು ಎರಡು ಕಣ್ಣೂ ಸೇರಿಸಿ ನೋಡಿತು, ಬಾಯಿ ತೆರೆಯಿತು, ನಾಲಿಗೆ ಒಂದೆರಡು ಅಂಗುಲ ಹೊರಬಂದು ಜೋತುಬಿತ್ತು. ಮತ್ತೆ ಒಳಗೆಳೆದುಕೊಳ್ಳುವುದಕ್ಕೂ ಅದು ಒದ್ದಾಡಿತು. ಆಮೇಲೆ ನನ್ನ ಕಣ್ಣು ಅದರ ಮುಂಗಾಲಿನ ಮೇಲೆ ಹೋಯಿತು. ಮೊಣಕೈಯಿಂದ ಕೆಳಗೆ ನೆಟ್ಟಗಿರಬೇಕಾದ ಮೂಳೆ ಬಿಲ್ಲಿನಂತೆ ಬಾಗಿತ್ತು. ಇಕ್ಕಳದಂಥ ಪಾದದಿಂದ ಕೊಂಬೆ ಹಿಡಿಯುವ ಬದಲು ಮೊಣಕೈ ಊರಿಕೊಂಡು ಕೂತಿತ್ತು. ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ನಾಯಿ ಬೆಕ್ಕು ನೋಡುವವರಲ್ಲ, ಹಾವು ಹಲ್ಲಿ ನೋಡಿ ಗೊತ್ತಿರುವವರ ಹತ್ತಿರ ಹೋಗು ಎಂದೆ.

ಅವನು ಸಾಕಿದ್ದು ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ, ನೆತ್ತಿಯ ಮೇಲೆ ಎತ್ತರದ ಶಿಖೆಯಿರುವ ಜಾತಿ. ಅಲ್ಲಿನ ಸಾಕುಪ್ರಾಣಿ ಅಂಗಡಿಗಳಲ್ಲಿ ಅದು ಸಾಮಾನ್ಯ. ನಮ್ಮ ಬೇಲಿಸಾಲಿನ ಗೋಸುಂಬೆ ಬೇರೆ ಜಾತಿ. ಅದನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೆ ನಮ್ಮ ಆರೈಕೆಯೂ ಬೇಕಿಲ್ಲ. ಬೇಕಾದ್ದೆಲ್ಲ ಬೇಲಿಯ ಮೇಲೆಯೇ ಸಿಗುತ್ತದೆ. ಏನು ಸಿಗುತ್ತದೆ ಎನ್ನುವುದರಲ್ಲೇ ಅಕ್ಕನ ಮಗನ ಗೋಸುಂಬೆಯ ಕಾಯಿಲೆಯ ಗುಟ್ಟೂ ಇದೆ.

ಹುಡುಗ ಹೊಟ್ಟೆಗೆ ಕಡಿಮೆ ಮಾಡಿರಲಿಲ್ಲ. ರಾತ್ರಿ ಚಿರ್ ಚಿರ್ ಎನ್ನುವ ಕ್ರಿಕೆಟ್ ಹುಳಗಳನ್ನು ಡಬ್ಬಿಗಟ್ಟಲೆ ತಂದು ತಿನ್ನಿಸುತ್ತಿದ್ದ. ಆದರೆ ಹುಳಕ್ಕೆ ಮೂಳೆಯಿಲ್ಲ. ಅದರ ಚಿಪ್ಪು ಕೈಟಿನ್ ಎಂಬ ವಸ್ತುವಿನದು, ಅದರಲ್ಲಿ ಸುಣ್ಣದಂಶ ಅತ್ಯಲ್ಪ. ಮೂಳೆ ಕಟ್ಟುವ ಪ್ರಾಣಿಯ ಆಹಾರದಲ್ಲಿ ರಂಜಕ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಸುಮಾರು ಎರಡು ಪಾಲು ಇರಬೇಕು. ಕ್ರಿಕೆಟ್ ಹುಳದಲ್ಲಿ ಲೆಕ್ಕ ತಿರುಗುಮುರುಗು: ಕ್ಯಾಲ್ಸಿಯಂಗಿಂತ ರಂಜಕವೇ ಹಲವು ಪಟ್ಟು ಹೆಚ್ಚು. ಹಾಗಾಗಿ ಹೊಟ್ಟೆ ತುಂಬಿದ್ದರೂ ಮೂಳೆಗೆ ಉಪವಾಸ.

ಕ್ಯಾಲ್ಸಿಯಂ ಬೇಕಾಗಿರುವುದು ಮೂಳೆಗೆ ಮಾತ್ರ ಎಂದುಕೊಂಡರೆ ಈ ಕಾಯಿಲೆ ಅರ್ಥವಾಗುವುದಿಲ್ಲ. ಸ್ನಾಯು ಬಿಗಿಯುವುದಕ್ಕೆ, ನರದ ಸಂದೇಶ ದಾಟುವುದಕ್ಕೆ, ಹೃದಯ ಬಡಿಯುವುದಕ್ಕೆ ರಕ್ತದಲ್ಲಿ ಅದು ಒಂದು ಮಟ್ಟದಲ್ಲಿ ಇರಲೇಬೇಕು. ಮಟ್ಟ ಇಳಿದ ಕೂಡಲೇ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನು ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ರಕ್ತಕ್ಕೆ ಕೊಡಿಸುತ್ತವೆ. ಸೌದೆ ಮುಗಿದ ಮನೆಯವರು ಜಂತೆ ಕಿತ್ತು ಒಲೆಗೆ ಹಾಕಿದ ಹಾಗೆ. ಒಲೆ ಉರಿಯುತ್ತಲೇ ಇರುತ್ತದೆ, ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಕೂಡ ಬಹುಕಾಲ ಎಲ್ಲ ಸರಿಯಿರುವಂತೆ ಕಾಣಬಹುದು. ಅಷ್ಟರಲ್ಲಿ ಕಾಲು ಬಾಗಿರುತ್ತದೆ. ಸುಣ್ಣ ಹೋದ ಜಾಗದಲ್ಲಿ ನಾರಿನಂಥ ಅಂಗಾಂಶ ಬೆಳೆದು ದವಡೆ ದಪ್ಪಗಾಗಿ, ಮುಟ್ಟಿದರೆ ರಬ್ಬರಿನಂತೆ ಮಣಿಯುತ್ತದೆ. ಅದನ್ನು ಮೈ ತುಂಬಿಕೊಂಡಿದೆ ಎಂದು ತಿಳಿದು ಸಂತೋಷಪಡುವವರೂ ಇದ್ದಾರೆ. ನನಗೆ ತೀರಾ ಸಂಕಟವಾಗುವುದು ಆ ತಪ್ಪು ತಿಳಿವಳಿಕೆಯಿಂದ.

ನಾಲಿಗೆ ಸೋಲುವುದೂ ಇದೇ ಕಾಯಿಲೆಯ ಲಕ್ಷಣ. ಗೋಸುಂಬೆಯ ನಾಲಿಗೆ ಒಂದು ಬಿಲ್ಲು. ನಯವಾದ ಗಟ್ಟಿ ಕಡ್ಡಿಯೊಂದರ ಸುತ್ತ ಸ್ನಾಯು, ಎರಡರ ನಡುವೆ ಸ್ಪ್ರಿಂಗಿನಂತೆ ಹಿಗ್ಗುವ ಕೊಲಾಜನ್ ಪದರಗಳು. ಸ್ನಾಯು ಮೊದಲೇ ಬಿಗಿದು ಪದರಗಳನ್ನು ಎಳೆದಿಡುತ್ತದೆ, ಬಿಟ್ಟಾಗ ನಾಲಿಗೆ ಬಾಣದಂತೆ ಮೈಯುದ್ದವನ್ನೂ ಮೀರಿ ಹಾರುತ್ತದೆ. ಕ್ಯಾಲ್ಸಿಯಂ ಇಲ್ಲದೆ ಸ್ನಾಯು ಬಿಗಿಯದು, ಬಿಲ್ಲು ಹೂಡಲಾಗದು. ಬೆರಳು ನಡುಗುವುದು, ಮಲ ಕಟ್ಟುವುದು ಇವೆಲ್ಲ ಅದೇ ಕೊರತೆಯ ಬೇರೆ ಬೇರೆ ಮುಖ.

ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಟ್ಟರೆ ಮುಗಿಯಿತಲ್ಲ ಎನ್ನಬಹುದು. ಪುಡಿ ಬೇಕು. ಆದರೆ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳಲು ವಿಟಮಿನ್ ಡಿ ಇರಬೇಕು. ಗೋಸುಂಬೆ ಅದನ್ನು ತಯಾರಿಸಿಕೊಳ್ಳುವುದು ಚರ್ಮದಲ್ಲಿ, ಬಿಸಿಲಿನ ಯುವಿಬಿ ಎಂಬ ಅತಿನೇರಳೆ ಕಿರಣದಿಂದ. ಕಿರಣ ಅರ್ಧ ಕೆಲಸ ಮಾಡಿದರೆ ಮೈಯ ಬಿಸಿ ಉಳಿದರ್ಧ ಮುಗಿಸುತ್ತದೆ. ಆಮೇಲೆ ಯಕೃತ್ತು, ಮೂತ್ರಪಿಂಡಗಳು ಅದನ್ನು ಬಳಕೆಗೆ ತಕ್ಕ ರೂಪಕ್ಕೆ ತರುತ್ತವೆ. 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ರಿಕೆಟ್ಸ್‌ನಿಂದ ಕಾಲು ಸೊಟ್ಟಗಾದ ಮಕ್ಕಳನ್ನು ಅತಿನೇರಳೆ ದೀಪದ ಕೆಳಗೆ ಕೂರಿಸಿ ಗುಣಪಡಿಸಿದ. ಹೊಗೆ ಕವಿದ ನಗರದ ಆ ಮಕ್ಕಳಿಗೂ ಗಾಜಿನ ಗೂಡಿನ ಈ ಪ್ರಾಣಿಗೂ ಇದ್ದ ಕೊರತೆ ಒಂದೇ. ಅಕ್ಕನ ಮಗ ಗೂಡನ್ನು ಕಿಟಕಿಯ ಪಕ್ಕದಲ್ಲೇ ಇಟ್ಟಿದ್ದ, ಬಿಸಿಲು ಧಾರಾಳವಾಗಿ ಬೀಳುತ್ತಿತ್ತು. ಆದರೆ ಕಿಟಕಿಯ ಗಾಜು ಬೆಳಕನ್ನು ಒಳಗೆ ಬಿಟ್ಟು ಯುವಿಬಿಯನ್ನು ತಡೆಯುತ್ತದೆ. ನಮ್ಮ ಕಣ್ಣಿಗೆ ಅದು ಬಿಸಿಲು, ಗೋಸುಂಬೆಯ ಚರ್ಮಕ್ಕೆ ಅಲ್ಲ.

ಈ ಪ್ರಾಣಿಗೆ ತನ್ನ ಬಿಸಿಲಿನ ಅಳತೆ ಗೊತ್ತು ಎನ್ನುವುದು ನನಗೆ ಎಲ್ಲಕ್ಕಿಂತ ದೊಡ್ಡ ಬೆರಗು. 2009ರಲ್ಲಿ ಅಮೆರಿಕದ ಸಂಶೋಧಕರು ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಆಹಾರದಲ್ಲಿ ವಿಟಮಿನ್ ಡಿ ಕಡಿಮೆ ಸಿಕ್ಕಿದ್ದವು ತಾವಾಗಿಯೇ ಅತಿನೇರಳೆ ಕಿರಣಕ್ಕೆ ಹೆಚ್ಚು ಮೈಯೊಡ್ಡಿದವು. ಸಾಕಷ್ಟು ಸಿಕ್ಕಿದ್ದವು ಕಡಿಮೆ ಒಡ್ಡಿದವು. ಚರ್ಮ ಕೂಡ ಮಿತಿ ಮೀರಲು ಬಿಡುವುದಿಲ್ಲ. ಕಿರಣ ಹೆಚ್ಚಾದರೆ ವಿಟಮಿನ್ನಿಗೆ ಮೊದಲಿನ ರೂಪವೇ ನಿರುಪಯುಕ್ತ ವಸ್ತುಗಳಾಗಿ ಬದಲಾಗುತ್ತದೆ. ಬಾಯಿಯ ಮೂಲಕ ಹಾಕುವ ವಿಟಮಿನ್ ಡಿ3 ಪುಡಿಗೆ ಇಂಥ ಕಡಿವಾಣವಿಲ್ಲ. ಅತಿಯಾದರೆ ಕ್ಯಾಲ್ಸಿಯಂ ಹೋಗಿ ಮೂತ್ರಪಿಂಡ, ರಕ್ತನಾಳಗಳಲ್ಲಿ ಗಟ್ಟಿಕಟ್ಟುತ್ತದೆ. ಹಾಗಾಗಿ ಕಾಯಿಲೆ ಕಂಡ ಗಾಬರಿಯಲ್ಲಿ ಡಿ3 ಪುಡಿ ಸುರಿಯುವುದು ಇನ್ನೊಂದು ಕಾಯಿಲೆ ತಂದುಕೊಂಡ ಹಾಗೆ.

ಡಾಕ್ಟರು ಎಕ್ಸ್‌ರೇ ತೆಗೆದರು. ಬೆಳ್ಳಗೆ ಎದ್ದು ಕಾಣಬೇಕಿದ್ದ ಮೂಳೆಗಳು ಮಂಜಿನ ಗೆರೆಗಳಂತಿದ್ದವು. ತೊಡೆಯಲ್ಲಿ ಒಂದು ಬಿರುಕು. ಬಾಯಿಗೆ ಕ್ಯಾಲ್ಸಿಯಂ ದ್ರವವನ್ನು ತೂಕ ನೋಡಿ ಅಳೆದು ಬರೆದುಕೊಟ್ಟರು. ನಡುಕ ಜೋರಾಗಿದ್ದರೆ ಇಂಜೆಕ್ಷನ್ನೇ ಬೇಕಾಗುತ್ತಿತ್ತು. ಮನೆಯಲ್ಲಿ ಮಾಡಬೇಕಾದ್ದು ಇನ್ನೂ ಹೆಚ್ಚಿತ್ತು. ಕೊಂಬೆಗಳನ್ನೆಲ್ಲ ಕೆಳಕ್ಕಿಳಿಸಿ ಅಡಿಯಲ್ಲಿ ಮೆತ್ತನೆಯ ಬಟ್ಟೆ ಹಾಸಿದ, ಬಿದ್ದರೆ ಮತ್ತೊಂದು ಮೂಳೆ ಮುರಿಯಬಾರದಲ್ಲ. ಕೊಂಬೆ ಹಿಡಿದಿರುವಾಗ ಗೋಸುಂಬೆಯನ್ನು ಎಂದೂ ಎಳೆಯಬಾರದು. ಹಿಡಿತ ಬಿಗಿಯಾಗಿರುತ್ತದೆ, ಮೆದು ಮೂಳೆ ಅಲ್ಲೇ ಮುರಿಯಬಹುದು. ಹುಳವನ್ನು ನಾಲಿಗೆ ಚಾಚಬೇಕಿಲ್ಲದಷ್ಟು ಹತ್ತಿರ ಹಿಡಿದ. ಗೂಡಿನ ಮೇಲೆ ಯುವಿಬಿ ಟ್ಯೂಬ್‌ಲೈಟ್, ಪಕ್ಕದಲ್ಲಿ ಬಿಸಿಗೊಂದು ಬಲ್ಬು. ಟ್ಯೂಬ್ ಉರಿಯುತ್ತಿದ್ದರೂ ಅದರ ಯುವಿಬಿ ತಿಂಗಳು ಕಳೆದಂತೆ ಕ್ಷೀಣಿಸುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯದು. ಅದಕ್ಕೇ ಹಾಕಿದ ತಾರೀಖನ್ನು ಗೂಡಿನ ಮೇಲೆ ಬರೆದಿಟ್ಟ. ಕ್ರಿಕೆಟ್ ಹುಳಗಳಿಗೇ ಒಂದು ದಿನ ಮೊದಲು ಸೊಪ್ಪು ತಿನ್ನಿಸಿ, ರಂಜಕವಿಲ್ಲದ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಾಡಿಸಿ ಕೊಡಲು ಶುರುಮಾಡಿದ. ಬಟ್ಟಲಲ್ಲಿ ನಿಂತ ನೀರಿನತ್ತ ಗೋಸುಂಬೆ ಸಾಮಾನ್ಯವಾಗಿ ತಿರುಗಿಯೂ ನೋಡುವುದಿಲ್ಲವಾದ್ದರಿಂದ ದಿನಕ್ಕೆರಡು ಸಲ ಎಲೆಗಳ ಮೇಲೆ ನೀರು ಚಿಮುಕಿಸಿದ.

ಅವನದು ಹೆಣ್ಣು ಗೋಸುಂಬೆ. ಈ ಜಾತಿಯ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಹತ್ತಾರು ಮೊಟ್ಟೆ ಕಟ್ಟಬಲ್ಲದು. ಮೊಟ್ಟೆಗಳಿಗೂ ಕ್ಯಾಲ್ಸಿಯಂ ತಾಯಿಯ ಮೈಯಿಂದಲೇ ಹೋಗಬೇಕು, ಅವನ್ನು ಹೊರಗೆ ನೂಕುವುದಕ್ಕೂ ಸ್ನಾಯುವಿನಲ್ಲಿ ಕಸುವಿರಬೇಕು. ಆ ಹೊತ್ತಿಗೆ ಮೂಳೆ ಚೇತರಿಸಿಕೊಂಡಿರಬೇಕೆಂಬುದೇ ನಮ್ಮ ಆತಂಕವಾಗಿತ್ತು.

ಬಾಗಿದ ಮೂಳೆ ನೆಟ್ಟಗಾಗುವುದಿಲ್ಲ, ಬಾಗಿದಂತೆಯೇ ಗಟ್ಟಿಯಾಗುತ್ತದೆ. ಮೂರು ತಿಂಗಳ ಮೇಲೆ ಹುಡುಗ ಮತ್ತೆ ಫೋನ್ ಹಿಡಿದಾಗ ಆ ಮುಂಗಾಲು ಸೊಟ್ಟಗೇ ಇತ್ತು. ಅಲ್ಲಿ ಆಗಷ್ಟೇ ಬೆಳಗಾಗಿತ್ತು, ಟ್ಯೂಬ್ ಹತ್ತಿಕೊಂಡಿತು. ಗೋಸುಂಬೆ ಸೊಟ್ಟ ಕಾಲನ್ನು ಮುಂದಿಟ್ಟು, ತಡೆದು, ಇನ್ನೊಂದನ್ನು ಮುಂದಿಟ್ಟು, ಮೇಲಿನ ಕೊಂಬೆಗೆ ತಾನೇ ಹತ್ತಿತು. ಬೆಳಕಿನತ್ತ ಪಕ್ಕೆ ತಿರುಗಿಸಿ, ಮೈಯನ್ನು ಎಲೆಯಂತೆ ಚಪ್ಪಟೆ ಮಾಡಿ, ಆ ಒಂದು ಮಗ್ಗುಲನ್ನಷ್ಟೇ ಕಪ್ಪಾಗಿಸಿಕೊಂಡು ಕೂತಿತು.