ಮೋಟಾರಿನ ದೋಷ, ಮಾಲೀಕನ ತರ್ಕ

ಮೈಸೂರಿನಲ್ಲಿ ಕಾರಿಟ್ಟುಕೊಂಡವರ ಪೈಕಿ, ಚಾಮುಂಡಿಬೆಟ್ಟದ ದಾರಿಯಲ್ಲಿ ತಮ್ಮ ವಾಹನದ ನಿಜಸ್ಥಿತಿಯನ್ನು ಅರಿಯದವರು ವಿರಳ. ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಗೆ, ಅಲ್ಲಿಂದ ಸರಸ್ವತೀಪುರಕ್ಕೆ ಎಂದು ಸಮತಟ್ಟಾದ ಬೀದಿಗಳಲ್ಲಿ ತಿಂಗಳುಗಟ್ಟಲೆ ಓಡಾಡಿಕೊಂಡಿದ್ದ ಗಾಡಿಯೊಳಗೆ ಅಡಗಿ ಕುಳಿತಿದ್ದ ದೋಷವು, ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮಿಗಿಲಾದ ಆ ಶಿಖರವನ್ನು ಎರಡನೆಯ ಗೇರಿನಲ್ಲಿ ಏರುವಾಗ ಉಷ್ಣಮಾಪಕದ ಮುಳ್ಳಿನಲ್ಲಿಯೂ, ಇಳಿಯುವಾಗ ಬ್ರೇಕಿನ ಕಮಟು ವಾಸನೆಯಲ್ಲಿಯೂ ತಾನಾಗಿ ಪ್ರಕಟವಾಗುತ್ತದೆ. ಫಲಕದ ಮೇಲೆ ಎಂಜಿನ್ನಿನ ಆಕೃತಿಯ ಹಳದಿ ದೀಪವೊಂದು ಹೊತ್ತಿಕೊಂಡರಂತೂ ಮಾಲೀಕನು ಮರುದಿನ ಬೆಳಗ್ಗೆ ಷೋರೂಮಿನ ಸರ್ವಿಸ್ ವಿಭಾಗದ ಮುಂದೆ ನಿಲ್ಲುವುದೂ, ನಿವೃತ್ತಿವೇತನದಲ್ಲಿ ಸಂಸಾರ ತೂಗಿಸುವವರ ಎದೆ ಧಸಕ್ಕೆನ್ನುವಂಥ ಎಸ್ಟಿಮೇಟ್ ಪಟ್ಟಿಯೊಂದು ಅವನ ಕೈಗೆ ಬರುವುದೂ ವಾಡಿಕೆಯ ಸಂಗತಿ.

ಆ ಪಟ್ಟಿಯನ್ನು ಬರೆದವರೆಲ್ಲರೂ ವಂಚಕರೆಂದು ಹೇಳುವುದು ನನ್ನ ಉದ್ದೇಶವಲ್ಲ. ದೊಡ್ಡ ಕಟ್ಟಡದ ಬಾಡಿಗೆ, ಕಂಪನಿಯ ನಿಯಮಗಳು, ಗಂಟೆಯ ಲೆಕ್ಕದ ಕೂಲಿ, ಇವೆಲ್ಲವೂ ಅದರಲ್ಲಿ ಸೇರಿರುತ್ತವೆ. ಆದರೆ ದೋಷವು ಇಂಥಲ್ಲಿಯೇ ಇದೆಯೆಂದು ನಿಶ್ಚಯಿಸುವ ಮೊದಲೇ ಬಿಡಿಭಾಗಗಳನ್ನು ಒಂದಾದಮೇಲೊಂದರಂತೆ ಬದಲಾಯಿಸುತ್ತ ಹೋಗುವ ಪದ್ಧತಿಗೆ ನಾವು ತೆರುತ್ತಿರುವ ಹಣ ಅಲ್ಪವಲ್ಲ. ಈ ನಷ್ಟವನ್ನು ತಪ್ಪಿಸಿಕೊಳ್ಳುವುದಕ್ಕೆ ಸಾಮಾನ್ಯ ವಿದ್ಯಾವಂತನೊಬ್ಬನಿಗೆ ಬೇಕಾದುದು ಸ್ಪ್ಯಾನರಿಗಿಂತ ಮುಂಚಿತವಾಗಿ ಕ್ರಮಬದ್ಧವಾದ ತರ್ಕ.

ಈ ವಿದ್ಯೆ ನಮ್ಮ ಊರಿಗೆ ಹೊಸತೇನೂ ಅಲ್ಲ. 1960ರ ದಶಕದ ಆರಂಭದಿಂದ 1996ರವರೆಗೆ ಯಾದವಗಿರಿಯಲ್ಲಿ ನಡೆದ ಐಡಿಯಲ್ ಜಾವಾ ಕಾರ್ಖಾನೆಯು ಮೊದಲು ಜಾವಾ, ಅನಂತರ ಯೆಜ್ಡಿ ಎಂಬ ಹೆಸರುಗಳಿಂದ ಮೋಟಾರು ಸೈಕಲ್ಲುಗಳನ್ನು ದೇಶಕ್ಕೆಲ್ಲ ಒದಗಿಸಿತಷ್ಟೇ ಅಲ್ಲ, ಅವುಗಳ ಅಂತರಂಗವನ್ನು ಬಲ್ಲ ಒಂದು ತಲೆಮಾರನ್ನೇ ಈ ಊರಿನಲ್ಲಿ ಬೆಳೆಸಿತು. ಒದ್ದು ಚಾಲೂ ಮಾಡುವ ಕಿಕ್ಕರ್ ತಾನೇ ಗೇರಿನ ಸನ್ನೆಯೂ ಆಗುವ ಆ ಸರಳ ಯಂತ್ರದಲ್ಲಿ ಪ್ಲಗ್ಗನ್ನು ಬಿಚ್ಚಿ ಮಸಿ ಉಜ್ಜುವುದು, ಪಾಯಿಂಟಿನ ಅಂತರವನ್ನು ಸರಿಪಡಿಸುವುದು, ಸೈಲೆನ್ಸರಿನಲ್ಲಿ ಕಟ್ಟಿಕೊಂಡ ಕಾರ್ಬನ್ನನ್ನು ತೆಗೆಯುವುದು ಮೊದಲಾದ ಕೆಲಸಗಳನ್ನು ಭಾನುವಾರದ ಬೆಳಗಿನಲ್ಲಿ ಮನೆಯಂಗಳದಲ್ಲಿಯೇ ಮುಗಿಸಿಕೊಳ್ಳುತ್ತಿದ್ದ ಗುಮಾಸ್ತರೂ ಉಪಾಧ್ಯಾಯರೂ ಅನೇಕರಿದ್ದರು. ಅಂಬಾಸಡರ್, ಪದ್ಮಿನಿ ಕಾರುಗಳ ಕಾರ್ಬ್ಯುರೇಟರುಗಳೂ ಅಂಥವರ ಕೈಗೆ ಅಂಜದೆ ಒಗ್ಗಿದ್ದವು.

ಆ ಪರಂಪರೆ ಕ್ಷೀಣಿಸಿದ್ದು ಎಂಜಿನ್ನಿನ ಆಡಳಿತವು ಕಂಪ್ಯೂಟರಿನ ವಶವಾದ ಮೇಲೆ. ಪೆಟ್ರೋಲನ್ನು ಅಳೆದು ಚಿಮುಕಿಸುವುದು, ಕಿಡಿ ಹಾರಿಸುವ ಕ್ಷಣವನ್ನು ನಿರ್ಣಯಿಸುವುದು ಎಲ್ಲವೂ ಕಣ್ಣಿಗೆ ಕಾಣದ ವಿದ್ಯುತ್ಸಂಕೇತಗಳ ವ್ಯವಹಾರವಾದಾಗ, ಬಾನೆಟ್ ಎತ್ತಿದವನಿಗೆ ಪ್ಲಾಸ್ಟಿಕ್ಕಿನ ಮುಚ್ಚಳವೊಂದನ್ನುಳಿದು ಬೇರೇನೂ ಕಾಣದಂತಾಯಿತು. ಆದರೆ ಇದೇ ಕಂಪ್ಯೂಟರು ತಾನು ಕಂಡ ವೈಪರೀತ್ಯವನ್ನು ಒಂದು ಸಂಖ್ಯೆಯ ರೂಪದಲ್ಲಿ ಬರೆದಿಡುತ್ತದೆಂಬುದೂ, ಆ ಬರಹವನ್ನು ಯಾರು ಬೇಕಾದರೂ ಓದಬಹುದೆಂಬುದೂ ಬಹುಮಂದಿಗೆ ತಿಳಿಯದು. ಅಮೆರಿಕದಲ್ಲಿ 1996ರಿಂದ ಮಾರಾಟವಾದ ಎಲ್ಲ ಕಾರುಗಳಿಗೂ ಕಡ್ಡಾಯವಾದ ಈ ವ್ಯವಸ್ಥೆಯ ಎರಡನೆಯ ಹಂತವು ನಮ್ಮಲ್ಲಿ ಬಿಎಸ್-4 ಮಾನದಂಡದ ಕಾರುಗಳಿಗೆ 2013ರ ಏಪ್ರಿಲಿನಿಂದ ವಿಧಿಸಲ್ಪಟ್ಟಿತು. ಸ್ಟಿಯರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಹತ್ತಿರ, ಎರಡು ಸಾಲುಗಳಲ್ಲಿ 16 ರಂಧ್ರಗಳುಳ್ಳ ಒಂದು ಸಾಕೆಟ್ಟಿರುತ್ತದೆ; ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುವ ಪುಟ್ಟ ಸ್ಕ್ಯಾನರನ್ನು ಅದಕ್ಕೆ ಸಿಕ್ಕಿಸಿದರೆ ಮೊಬೈಲ್ ಫೋನಿನ ಪರದೆಯ ಮೇಲೆ ಆ ಸಂಖ್ಯೆ ಮೂಡುತ್ತದೆ.

ಇಲ್ಲಿಯೇ ಎಚ್ಚರ ಬೇಕು. ಆ ಸಂಖ್ಯೆಯು ದೋಷದ ಲಕ್ಷಣವನ್ನು ಹೇಳುವುದೇ ಹೊರತು ಕಾರಣವನ್ನಲ್ಲ. ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವುದು ತರ್ಕಶಾಸ್ತ್ರದ ಬಾಲಪಾಠ. 1876ರಲ್ಲಿ ಸ್ಥಾಪಿತವಾದ ನಮ್ಮ ಮಹಾರಾಜ ಸಂಸ್ಕೃತ ಪಾಠಶಾಲೆಯ ಎಳೆಯ ವಿದ್ಯಾರ್ಥಿಯೂ ಅದನ್ನು ಬಲ್ಲ. ಕಾರಿನ ವಿಷಯದಲ್ಲಿ ಆ ಪಾಠ ಇನ್ನೂ ಸ್ವಲ್ಪ ಸೂಕ್ಷ್ಮವಾಗುತ್ತದೆ: ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಕಪ್ಪಾಗಿದ್ದರೆ ಇಂಧನ ಅತಿಯಾಗಿದೆ ಅಥವಾ ಗಾಳಿ ಕಡಮೆಯಾಗಿದೆ, ಎಂಜಿನ್ ಕಾದ ಮೇಲೂ ಬೆಳ್ಳಗೆ ದಟ್ಟವಾಗಿ ಬರುತ್ತಿದ್ದರೆ ಪ್ರಾಯಶಃ ಕೂಲೆಂಟ್ ಒಳಸೇರುತ್ತಿದೆ. ಒಂದೇ ಹೇತುವಿನಿಂದ ಒಂದೇ ನಿರ್ಣಯಕ್ಕೆ ಧಾವಿಸುವವನು ಮೋಸಹೋಗುವುದು ಶಾಸ್ತ್ರದಲ್ಲಿ ಹೇಗೋ ಗ್ಯಾರೇಜಿನಲ್ಲಿಯೂ ಹಾಗೆಯೇ.

ಪಿ 0171 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಗಾಳಿಯ ಪ್ರಮಾಣಕ್ಕೆ ತಕ್ಕಷ್ಟು ಇಂಧನ ಇಲ್ಲವೆಂಬುದು ಅದರ ಅರ್ಥ. ಹೊಗೆಕೊಳವೆಯ ಆಮ್ಲಜನಕ ಸಂವೇದಕವು ಈ ಸುದ್ದಿಯನ್ನು ಕೊಟ್ಟಿರುವುದರಿಂದ, ಸಂವೇದಕವೇ ಕೆಟ್ಟಿದೆಯೆಂದು ತಿಳಿದು ಅದನ್ನೇ ಬದಲಾಯಿಸಿ ಹಲವು ಸಾವಿರಗಳನ್ನು ಕಳೆದುಕೊಂಡವರುಂಟು. ಸುದ್ದಿ ತಂದವನನ್ನು ಶಿಕ್ಷಿಸಿದಂತಾಯಿತು ಅದು. ಸರಿಯಾದ ಕ್ರಮವೆಂದರೆ, ಕಂಪ್ಯೂಟರು ಕೊರತೆಯನ್ನು ತುಂಬುವುದಕ್ಕಾಗಿ ಶೇಕಡ ಎಷ್ಟು ಹೆಚ್ಚಿನ ಇಂಧನವನ್ನು ಸೇರಿಸುತ್ತಿದೆ ಎಂಬುದನ್ನು ಅದೇ ಪರದೆಯ ಮೇಲೆ ಎರಡು ಸ್ಥಿತಿಗಳಲ್ಲಿ ನೋಡುವುದು. ಗಾಡಿ ನಿಂತಲ್ಲೇ ಗುಡುಗುಟ್ಟುವಾಗ ಈ ಸೇರ್ಪಡೆ ಶೇಕಡ 20ರಷ್ಟಿದ್ದು, ನಿಮಿಷಕ್ಕೆ 2500 ಸುತ್ತುಗಳವರೆಗೆ ಆಕ್ಸಿಲರೇಟರನ್ನು ಒತ್ತಿದಾಗ ಬಹುತೇಕ ಇಲ್ಲವಾದರೆ, ಅಳತೆಗೆ ಸಿಕ್ಕದ ಗಾಳಿ ಎಲ್ಲಿಂದಲೋ ಕಳ್ಳದಾರಿಯಲ್ಲಿ ನುಗ್ಗುತ್ತಿದೆಯೆಂದು ತಿಳಿಯಬೇಕು. ಏಕೆಂದರೆ ಎಂಜಿನ್ ಮಂದವಾಗಿ ತಿರುಗುವಾಗ ಅದು ಸೇದುವ ಗಾಳಿಯೇ ಸ್ವಲ್ಪವಾದ್ದರಿಂದ ಸೋರಿಕೆಯ ಪಾಲು ದೊಡ್ಡದಾಗಿ ತೋರುತ್ತದೆ, ವೇಗ ಹೆಚ್ಚಿದಾಗ ಒಟ್ಟು ಗಾಳಿಯ ಮುಂದೆ ಅದು ನಗಣ್ಯವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ವೇಗ ಹೆಚ್ಚಿದಂತೆಲ್ಲ ಸೇರ್ಪಡೆಯೂ ಹೆಚ್ಚಿದರೆ, ಇಂಧನದ ಫಿಲ್ಟರು, ಪಂಪು ಅಥವಾ ಗಾಳಿಯನ್ನು ಅಳೆಯುವ ಸಂವೇದಕದ ಕಡೆಗೆ ದೃಷ್ಟಿ ಹಾಯಿಸಬೇಕು. ಖಾಲಿ ಸೈಟುಗಳೂ ಉದ್ಯಾನಗಳೂ ಮನೆಗಳ ನಡುವೆ ಹೇರಳವಾಗಿರುವ ನಮ್ಮ ಬಡಾವಣೆಗಳಲ್ಲಿ ಆ ಕಳ್ಳದಾರಿ ಎಷ್ಟೋ ವೇಳೆ ಇಲಿ ಕಡಿದ ರಬ್ಬರ್ ಕೊಳವೆಯಾಗಿರುತ್ತದೆ. ಟಾರ್ಚ್ ಹಿಡಿದು ಬಾನೆಟ್ಟಿನ ಕೆಳಗೆ ಅರ್ಧ ಗಂಟೆ ತಾಳ್ಮೆಯಿಂದ ನೋಡಿದವನಿಗೆ ಅದು ಸಿಕ್ಕುತ್ತದೆ, ಅದರ ಬೆಲೆಯೋ ಸಂವೇದಕದ ಬೆಲೆಯ ಒಂದಂಶ ಮಾತ್ರ.

ಅನ್ವಯ ವ್ಯತಿರೇಕಗಳೆಂದು ನೈಯಾಯಿಕರು ಕರೆಯುವ ಕ್ರಮ, ಅಂದರೆ ಇದಿದ್ದಾಗ ಅದುಂಟು, ಇದಿಲ್ಲದಾಗ ಅದಿಲ್ಲ ಎಂದು ಪರೀಕ್ಷಿಸಿ ನೋಡುವುದು, ಈ ಕೆಲಸದಲ್ಲಿ ಎಷ್ಟು ಉಪಕಾರಿಯೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ. ಸ್ಕ್ಯಾನರ್ ಪಿ 0302 ಎನ್ನುತ್ತದೆ, ಎಂದರೆ ಎರಡನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಎಂಜಿನ್ ಆರಿಸಿ, ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಇಗ್ನಿಷನ್ ಕಾಯಿಲುಗಳನ್ನು ಪರಸ್ಪರ ಬದಲಾಯಿಸಿ ಓಡಿಸಿ ನೋಡಬೇಕು. ಸಂಖ್ಯೆ ಪಿ 0303ಕ್ಕೆ ತಿರುಗಿದರೆ ದೋಷವು ಕಾಯಿಲಿನೊಡನೆಯೇ ಪ್ರಯಾಣ ಮಾಡಿತೆಂದಾಯಿತು, ಅದೊಂದನ್ನೇ ಕೊಂಡರೆ ಸಾಕು. ಹಿಂದಿನಂತೆಯೇ ಪಿ 0302 ಉಳಿದರೆ ಕಾಯಿಲು ನಿರ್ದೋಷಿ. ಪ್ಲಗ್ಗಿಗೆ ಇದೇ ಪರೀಕ್ಷೆ ನಡೆಯಲಿ, ಅಲ್ಲಿಯೂ ತಿಳಿಯದಿದ್ದರೆ ಇಂಜೆಕ್ಟರು, ಕಂಪ್ರೆಷನ್ನುಗಳ ವಿಚಾರಕ್ಕೆ ಬಲ್ಲ ಮೆಕ್ಯಾನಿಕ್ ಬೇಕು. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡದೆ ಎಲ್ಲ ಕಾಯಿಲುಗಳನ್ನೂ ಎಲ್ಲ ಪ್ಲಗ್ಗುಗಳನ್ನೂ ಒಮ್ಮೆಗೇ ಹೊಸದಾಗಿ ಹಾಕಿಸುವುದು ದುಂದುಗಾರಿಕೆಯಲ್ಲದೆ ಮತ್ತೇನು?

ಬೆಳಗ್ಗೆ ಸೆಲ್ಫ್ ತೆಗೆದುಕೊಳ್ಳದೆ ಕಟಕಟ ಎನ್ನುವ ಗಾಡಿಯ ವಿಷಯವೂ ಹೀಗೆಯೇ. ಮಗನು ಪರದೇಶದಲ್ಲಿದ್ದು, ತಂದೆತಾಯಿಗಳು ವಾರಕ್ಕೊಮ್ಮೆ ದೇವಸ್ಥಾನಕ್ಕೆಂದು ಹೊರತೆಗೆಯುವ ಕಾರುಗಳು ಮೈಸೂರಿನಲ್ಲಿ ಬಹಳ. ಅಂಥವುಗಳ ಬ್ಯಾಟರಿ ಕೆಡದಿದ್ದರೂ ಬರಿದಾಗುತ್ತದೆ. ಕೆಲವು ನೂರು ರೂಪಾಯಿಗಳ ಮಲ್ಟಿಮೀಟರು ಮನೆಯಲ್ಲಿದ್ದರೆ ಸಂದೇಹ ಕ್ಷಣಮಾತ್ರದಲ್ಲಿ ಪರಿಹಾರವಾದೀತು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ಣವಾಗಿದೆ, 12ರ ಹತ್ತಿರವಿದ್ದರೆ ಬಹುಮಟ್ಟಿಗೆ ಬರಿದಾಗಿದೆ. ಎಂಜಿನ್ ಓಡುವಾಗ ಸುಮಾರು 13.8ರಿಂದ 14.5ರೊಳಗೆ ಇದ್ದರೆ ಆಲ್ಟರ್ನೇಟರು ತನ್ನ ಕರ್ತವ್ಯವನ್ನು ಮಾಡುತ್ತಿದೆ, 12ರಲ್ಲೇ ಉಳಿದರೆ ಹೊಸ ಬ್ಯಾಟರಿ ಹಾಕಿಸಿದರೂ ಅದು ನಾಲ್ಕು ದಿನದಲ್ಲಿ ಸತ್ತೇ ಹೋಗುವುದು. ಎರಡೂ ಸರಿಯಿದ್ದರೆ ಟರ್ಮಿನಲ್ಲುಗಳ ಮೇಲೆ ಬಿಳಿ ಹಸಿರಾಗಿ ಬೆಳೆದ ಕಿಲುಬನ್ನು ನೋಡಬೇಕು. ಮೊದಲು ಮೈನಸ್ ತಂತಿಯನ್ನು ಬಿಚ್ಚಿ, ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು ಒರೆಸಿ ಬಿಗಿದ ಮಾತ್ರಕ್ಕೆ ಗುಣಹೊಂದಿದ ಗಾಡಿಗಳಿವೆ. ಆಲ್ಟರ್ನೇಟರೇ ಕೈಕೊಟ್ಟಿದ್ದರೂ ಇಡೀ ಯಂತ್ರವನ್ನು ಬದಲಾಯಿಸಬೇಕಾದ ಪ್ರಮೇಯ ಯಾವಾಗಲೂ ಇರುವುದಿಲ್ಲ. ಸವೆದ ಕಾರ್ಬನ್ ಬ್ರಷ್ಷುಗಳನ್ನಷ್ಟೇ ಹೊಸದಾಗಿ ಕೂರಿಸಿ ಕೊಡುವ ಆಟೊ ಎಲೆಕ್ಟ್ರಿಷಿಯನ್ನರು ನಮ್ಮ ಊರಿನಲ್ಲಿ ಇನ್ನೂ ಇದ್ದಾರೆ, ಅವರು ಉಳಿಯಬೇಕು.

ಬೆಟ್ಟದ ದಾರಿಯ ಉಷ್ಣಕ್ಕೂ ಒಂದು ಮಾತು. ದಸರೆಯ ಜನಸಂದಣಿಯಲ್ಲಿ ತೆವಳುವಾಗ ಮುಳ್ಳು ಏರಿ, ರಿಂಗ್ ರಸ್ತೆಯಲ್ಲಿ ಗಾಳಿ ಬಡಿದೊಡನೆ ಇಳಿದರೆ ರೇಡಿಯೇಟರಿನ ಫ್ಯಾನ್ ತಿರುಗುತ್ತಿಲ್ಲವೆಂದು ಊಹಿಸಬಹುದು, ಮತ್ತು ಅದರ ರಿಲೇಯನ್ನು ಅದೇ ಸಂಖ್ಯೆಯುಳ್ಳ ಹಾರನ್ನಿನ ರಿಲೇಯೊಡನೆ ಬದಲಾಯಿಸಿ ಆ ಊಹೆಯನ್ನು ಪರೀಕ್ಷಿಸಬಹುದು. ವೇಗದಲ್ಲಿಯೂ ಏರಿನಲ್ಲಿಯೂ ಮಾತ್ರ ಕಾದರೆ ಕೂಲೆಂಟಿನ ಮಟ್ಟ, ಥರ್ಮೋಸ್ಟಾಟ್, ರೇಡಿಯೇಟರಿನ ಒಳಗಟ್ಟು ಇವುಗಳನ್ನು ಶಂಕಿಸಬೇಕು. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಎಂದಿಗೂ ತಿರುಗಿಸಕೂಡದು. ಒತ್ತಡದಲ್ಲಿರುವ ಆ ದ್ರವ ಮುಖಕ್ಕೆ ಚಿಮ್ಮಿದರೆ ಕಣ್ಣೇ ಹೋದೀತು.

ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಹೋಗುತ್ತದೆಂಬ ಭಯವು ಅನೇಕರನ್ನು ಕಟ್ಟಿಹಾಕಿದೆ. ಈ ಭಯದ ಮೂಲವನ್ನೇ ಭಾರತೀಯ ಸ್ಪರ್ಧಾ ಆಯೋಗವು ವಿಚಾರಣೆಗೆ ತೆಗೆದುಕೊಂಡು, ಬಿಡಿಭಾಗಗಳನ್ನೂ ದೋಷಶೋಧಕ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯದಂತೆ ಮಾಡಿದುದು ಕಾನೂನುಬಾಹಿರವೆಂದು 2014ರ ಆಗಸ್ಟ್ 25ರಂದು ತೀರ್ಪಿತ್ತು, 14 ಕಾರು ಕಂಪನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿಗಳಿಗೂ ಮಿಗಿಲಾದ ದಂಡವನ್ನು ವಿಧಿಸಿತು. ಸ್ವತಂತ್ರ ಮೆಕ್ಯಾನಿಕ್ಕಿನ ಬಳಿ ಹೋದನೆಂಬ ಒಂದೇ ಕಾರಣಕ್ಕೆ ಗ್ರಾಹಕನ ವಾರಂಟಿಯನ್ನು ಸಾರಾಸಗಟಾಗಿ ರದ್ದುಮಾಡುವಂತಿಲ್ಲವೆಂದೂ, ತಪ್ಪು ರಿಪೇರಿಯಿಂದಲೇ ಹಾನಿಯಾಗಿದ್ದರೆ ಆ ಮಟ್ಟಿಗೆ ಕಂಪನಿಯ ಹೊಣೆಯಿಲ್ಲವೆಂದೂ ಆಯೋಗದ ಅಭಿಪ್ರಾಯವಾಗಿತ್ತು. ಕಂಪನಿಗಳು ಮೇಲಿನ ಪೀಠಗಳನ್ನು ಮೊರೆಹೊಕ್ಕವು. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 2022ರ ಡಿಸೆಂಬರ್ 24ರಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ರಿಪೇರಿಯ ಹಕ್ಕಿಗಾಗಿಯೇ ತೆರೆದ ತಾಣದಲ್ಲಿ ವಾಹನಗಳಿಗೂ ಸ್ಥಾನವಿತ್ತಿತು. ನಾನು ಕೊಂಡ ವಸ್ತುವಿನ ಒಳಗನ್ನು ನೋಡುವ ಅಧಿಕಾರ ನನಗಿಲ್ಲವೆಂಬುದು ಯಾವ ನ್ಯಾಯ?

ಹಾಗೆಂದು ಎಲ್ಲವನ್ನೂ ಮನೆಯಲ್ಲೇ ಬಿಚ್ಚತಕ್ಕದ್ದಲ್ಲ. ಬರಿಯ ಜಾಕಿಯ ಆಧಾರದ ಮೇಲೆ ನಿಂತ ಕಾರಿನ ಕೆಳಗೆ ನುಸುಳುವುದು ಪ್ರಾಣಾಪಾಯಕರ. ಏರ್‌ಬ್ಯಾಗಿನ ಹಳದಿ ಬಣ್ಣದ ಕನೆಕ್ಟರುಗಳನ್ನೂ, ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳನ್ನೂ ಮುಟ್ಟಲಾಗದು. ಬ್ರೇಕಿನ ದ್ರವಮಾರ್ಗದಲ್ಲಿ ಒಂದು ಗುಳ್ಳೆ ಗಾಳಿ ಉಳಿದರೂ ಬೆಟ್ಟದ ಇಳಿಜಾರಿನಲ್ಲಿ ಪೆಡಲು ನೆಲಕ್ಕಿಳಿದೀತಾದ್ದರಿಂದ ಆ ಕೆಲಸ ಅನುಭವಿಗಳಿಗೇ ಇರಲಿ.

ಅಂಥ ಕೆಲಸಕ್ಕಾಗಿ ಗ್ಯಾರೇಜಿಗೆ ಹೋಗುವಾಗ ಮಾಲೀಕನು ಒಯ್ಯಬೇಕಾದುದು ದೋಷ ಯಾವಾಗ, ಎಂಜಿನ್ ಎಷ್ಟು ಕಾದಾಗ, ಯಾವ ಗೇರಿನಲ್ಲಿ ತೋರಿತು, ಏನನ್ನು ಬದಲಾಯಿಸಿ ನೋಡಿಯಾಯಿತು ಎಂಬ ನಾಲ್ಕು ಸಾಲಿನ ಟಿಪ್ಪಣಿ. ದೀಪ ಕಣ್ಣಿಗೆ ಚುಚ್ಚುತ್ತದೆಂದು ಸ್ಕ್ಯಾನರಿನಿಂದ ಸಂಖ್ಯೆಯನ್ನು ಅಳಿಸಿಕೊಂಡು ಹೋಗಬಾರದು. ದೋಷ ಸಂಭವಿಸಿದ ಕ್ಷಣದಲ್ಲಿ ಗಾಡಿಯ ವೇಗವೆಷ್ಟಿತ್ತು, ಉಷ್ಣವೆಷ್ಟಿತ್ತು, ಎಂಜಿನ್ನಿನ ಮೇಲಿನ ಭಾರವೆಷ್ಟಿತ್ತು ಎಂಬ ದಾಖಲೆಯನ್ನು ಕಂಪ್ಯೂಟರು ಆ ಸಂಖ್ಯೆಯ ಜತೆಯಲ್ಲಿಯೇ ಕಾದಿರಿಸಿರುತ್ತದೆ, ಸಂಖ್ಯೆ ಅಳಿದರೆ ಅದೂ ಅಳಿಯುತ್ತದೆ. ಬ್ಯಾಟರಿಯ ತಂತಿಯನ್ನು ಬಿಚ್ಚಿದರೂ ಬಹಳಷ್ಟು ಗಾಡಿಗಳಲ್ಲಿ ಅದೇ ಗತಿ. ಆದ್ದರಿಂದ ಟರ್ಮಿನಲ್ ತೊಳೆಯುವ ಕೆಲಸಕ್ಕೆ ಮೊದಲು ಪರದೆಯ ಮೇಲಿನ ಅಂಕಿಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಳ್ಳುವುದು ಲೇಸು.