ಸಾಕುವ ಸಭೆ
ಇಂಗ್ಲೆಂಡಿನಲ್ಲಿ ಹೆತ್ತವರ ಮನೆಯಲ್ಲಿ ಬೆಳೆಯಲಾಗದ ಮಕ್ಕಳ ಹೊಣೆಯನ್ನು ಕಾನೂನು ಸ್ಥಳೀಯ ಕೌನ್ಸಿಲುಗಳಿಗೆ ಒಪ್ಪಿಸಿದೆ. 2024ರ ಮಾರ್ಚ್ ಕೊನೆಗೆ ಅಂಥ ಮಕ್ಕಳು 80 ಸಾವಿರಕ್ಕೂ ಮಿಕ್ಕಿದ್ದರು. ಈ ಏರ್ಪಾಡಿಗೆ 1989ರ ಮಕ್ಕಳ ಕಾಯಿದೆಯೇ ತಳಹದಿ. ಕೌನ್ಸಿಲು ಒಳ್ಳೆಯ ಪೋಷಕನಂತೆ ನಡೆಯಲು ಏಳು ತತ್ತ್ವಗಳನ್ನು 2017ರ ಕಾಯಿದೆ ಹಾಕಿಕೊಟ್ಟಿತು.

ಹಾಗೆಂದು ಚುನಾಯಿತ ಸದಸ್ಯರು ತುತ್ತಿಡುವುದಿಲ್ಲ, ತೊಟ್ಟಿಲು ತೂಗುವುದಿಲ್ಲ. ಅದು ಸಾಕುತಂದೆತಾಯಿಯರ ಕೆಲಸ. ಸದಸ್ಯರ ಪಾಲಿಗೆ ಬಂದುದು ಪ್ರಶ್ನಿಸುವ ಕರ್ತವ್ಯ. ವರ್ಷದಲ್ಲಿ ಎಷ್ಟು ಮಕ್ಕಳು ಮನೆಯಿಂದ ಮನೆಗೆ ಅಲೆದರು? ಎಷ್ಟು ಮಂದಿ ಒಡಹುಟ್ಟಿದವರಿಂದ ಅಗಲಿದರು? ಯಾರ ಓದು ಕುಂಟಿತು? ಅಧಿಕಾರಿಗಳಿಂದ ಉತ್ತರ ಪಡೆದು ಆಯವ್ಯಯದಲ್ಲಿ ಹಣವನ್ನೂ ತೆಗೆದಿರಿಸಬೇಕು. ಮಕ್ಕಳ ಮಾತನ್ನೂ ನೇರವಾಗಿ ಆಲಿಸಬೇಕು. ಆಸರೆ ಬಿಟ್ಟು ಹೊರಟ ತರುಣರು 25ನೆಯ ವಯಸ್ಸಿನವರೆಗೂ ಸಲಹೆಗಾರರ ನೆರವು ಕೇಳಬಹುದು.

ಕನ್ನಡದ ‘ಸಾಕು’ ಎಂಬ ಒಂದೇ ಪದಕ್ಕೆ ಪೋಷಿಸು ಎಂಬ ಅರ್ಥವೂ ಉಂಟು, ಇನ್ನು ಬೇಡ ಎಂಬ ಅರ್ಥವೂ ಉಂಟು. ಸದಸ್ಯನ ಹೊಣೆ ಈ ಎರಡರ ನಡುವೆ ಇದೆಯೆಂದು ನನಗೆ ತೋರುತ್ತದೆ. ವರದಿಗೆ ಒಪ್ಪಿಗೆಯ ಕೈ ಎತ್ತುವ ಮುನ್ನ ಅವನು ತನ್ನನ್ನೇ ಕೇಳಿಕೊಳ್ಳಬೇಕು: ನನ್ನ ಮಗುವಿಗಾಗಿದ್ದರೆ ಇಷ್ಟು ಸಾಕೆನ್ನುತ್ತಿದ್ದೆನೆ?